ಕೆರೆಗೆ ಬಿಟ್ಟರೆ ಪುಣ್ಯವೇ?

ನಾಯಿ ಸಾಕಿದರೆ ಸೊಸೈಟಿಯವರ ಆಕ್ಷೇಪಣೆ, ಗಿಡ ಬೆಳೆಸೋಣವೆಂದರೆ ಗ್ಯಾಲರಿಯಲ್ಲಿ ಜಾಗವಿಲ್ಲ. ಎರಡಡಿಯ ಗಾಜಿನ ತೊಟ್ಟಿಗೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಸೀವುಡ್ಸಿನಂಥ ಕಡೆ ನಮ್ಮ ಕನ್ನಡದ ಮನೆಗಳಿಗೆ ಮೀನು ಬಂದು ಸೇರಿಕೊಂಡದ್ದು ಹೀಗೆ. ಗಪ್ಪಿಯಿಂದ ಆರಂಭಿಸಿ, ಬಣ್ಣದ ಹುಚ್ಚು ಬಲಿತವರು ಕೊನೆಗೆ ಕಿಲ್ಲಿ ಮೀನನ್ನು ಹುಡುಕಿಕೊಂಡು ಹೊರಡುತ್ತಾರೆ. (ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ಇಂಗ್ಲಿಷಿನ ಕೊಲೆಗೂ ಇದಕ್ಕೂ ನಂಟಿಲ್ಲ. ಡಚ್ಚರಲ್ಲಿ 'ಕಿಲ್' ಎಂದರೆ ತೊರೆ.)

ಕಿಲ್ಲಿಗಳಲ್ಲಿ ಆಫ್ರಿಕಾದ ನೋಥೋಬ್ರಾಂಕಿಯಸ್ ಬಳಗದ್ದು ವಿಚಿತ್ರವಾದ ಬಾಳು. ಮಳೆ ಬಿದ್ದು ಬಯಲಿನ ಹೊಂಡ ತುಂಬಿದೊಡನೆ ಮಣ್ಣಿನಲ್ಲಿದ್ದ ಮೊಟ್ಟೆ ಒಡೆಯುತ್ತದೆ. ಕೆಲವೇ ವಾರಗಳಲ್ಲಿ ಮರಿ ಪ್ರಾಯಕ್ಕೆ ಬರುತ್ತದೆ. ಫರ್ಜೆರಿ ಎಂಬ ಜಾತಿಯಲ್ಲಿ ಎರಡೇ ವಾರ ಸಾಕಾದದ್ದೂ ಉಂಟು. ಗಂಡು ಕೆಂಪು, ನೀಲಿಗಳಿಂದ ಮದುಮಗನಂತೆ ಸಿಂಗರಿಸಿಕೊಂಡರೆ ಹೆಣ್ಣು ಮಾತ್ರ ಬೂದುಬಣ್ಣದ ಬಡಪಾಯಿ. ಹೊಂಡ ಬತ್ತುತ್ತದೆ, ಹೆತ್ತವು ಸಾಯುತ್ತವೆ, ಒಣಗಿದ ಕೆಸರಿನೊಳಗೆ ಮೊಟ್ಟೆ ಮುಂದಿನ ಮಳೆಗೆ ಕಾದಿರುತ್ತದೆ. ಹವ್ಯಾಸಿಗಳು ಈ ಮೊಟ್ಟೆಗಳನ್ನು ತೇವದ ಪುಡಿಮಣ್ಣಿನಲ್ಲಿಟ್ಟು ಅಂಚೆಯಲ್ಲಿ ದೇಶದಿಂದ ದೇಶಕ್ಕೆ ಕಳಿಸುತ್ತಾರೆ!

ಇಂಥ ಅಲ್ಪಾಯುಷಿಯನ್ನು ಸೆರೆಯಲ್ಲಿಡುವುದು ನ್ಯಾಯವೇ ಎಂದು ಮನೆಯ ಅಜ್ಜಿಯರು ಕೇಳುವುದುಂಟು. ತಳ್ಳಿಹಾಕುವ ಪ್ರಶ್ನೆಯಲ್ಲ. ಹೊಂಡದಲ್ಲಿ ನೀರಿರುವಷ್ಟು ದಿನ ಬದುಕುವ ಮೀನು ತೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಕಾಲ ಬಾಳಬಹುದು, ನಿಜ. ಹಾಗೆಂದು ಸಾಕಿದವರು ಬೀಗಬೇಕಾಗಿಲ್ಲ. ಅದನ್ನು ತಂದದ್ದು ನಮ್ಮ ಕಣ್ಣಿನ ಸುಖಕ್ಕೆ. ತಂದ ಮೇಲೆ ಅದರ ಪೂರ್ತಿ ಆಯುಸ್ಸು, ಸಾವೂ ಸೇರಿ, ನಮ್ಮ ಲೆಕ್ಕಕ್ಕೆ ಬರುತ್ತದೆಂಬುದು ನಮ್ಮ ಅಭಿಪ್ರಾಯ.

ತೊಡಕಾಗುವುದು ಬೇಸಿಗೆ ರಜೆಯಲ್ಲಿ, ಇಲ್ಲವೇ ವರ್ಗವಾದಾಗ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಮೀನುಗಳನ್ನು ಚೀಲಕ್ಕೆ ತುಂಬಿ ಹತ್ತಿರದ ತಲಾವಿಗೆ ಸುರಿದು, "ಪಾಪ, ಸ್ವತಂತ್ರವಾಗಿರಲಿ" ಎನ್ನುವವರಿದ್ದಾರೆ. ಪಂಜರದ ಗಿಳಿಯನ್ನು ಹಾರಿಬಿಟ್ಟಷ್ಟು ಸಮಾಧಾನ ಅವರಿಗೆ. ಆದರೆ ಬಿಟ್ಟದ್ದು ಎಲ್ಲಿಗೆ? ಸೀವುಡ್ಸಿನಲ್ಲಿ ಫ್ಲೆಮಿಂಗೋ ಹಕ್ಕಿಗಳು ಇಳಿಯುವ ಜೌಗು ಖಾಡಿಯ ಉಪ್ಪುನೀರಿನದು. ಸಿಹಿನೀರಿನ ಎಷ್ಟೋ ಮೀನುಗಳಿಗೆ ಅದು ಬಿಡುಗಡೆಯಲ್ಲ, ಗಲ್ಲು. ಸಿಹಿನೀರಿನ ತಲಾವಿನಲ್ಲಿ ಬದುಕಿಕೊಂಡಿತೆನ್ನಿ, ಆಗ ಸಂಕಟ ಅಲ್ಲಿದ್ದವಕ್ಕೆ. ಕಿಲ್ಲಿಗಳ ದಾಯಾದಿಯಾದ ಗಂಬೂಸಿಯಾವನ್ನು ಸೊಳ್ಳೆಮರಿ ತಿನ್ನಲೆಂದು 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತಂದರು. ಉದ್ದೇಶ ಒಳ್ಳೆಯದೇ. ಅದು ಸೊಳ್ಳೆಮರಿಯ ಜೊತೆಗೆ ಬೇರೆ ಮೀನಿನ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ಜಗತ್ತಿನ ನೂರು ಘೋರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇಂದು ಅದರ ಹೆಸರಿದೆ.

"ಹೊರಗಿನಿಂದ ಬಂದು ನೆಲೆಸಿದ ನಾವೇ ಹೊರಗಿನದನ್ನು ಸೇರಿಸಬೇಡಿ ಎನ್ನುವುದೇ?" ಎಂದು ಯಾರಾದರೂ ಚುಚ್ಚಿಯಾರು. ಚುಚ್ಚಲಿ. ನಾವು ಹೊಟ್ಟೆಪಾಡಿಗೆ ನಮ್ಮ ಕಾಲ ಮೇಲೆ ಬಂದವರು, ಮರಾಠಿ ಕಲಿತವರು, ಪಕ್ಕದ ಮನೆಯವರ ಹಬ್ಬಕ್ಕೆ ಚಕ್ಕುಲಿ ಕಳಿಸುವವರು. ಮೀನು ಬರುತ್ತೇನೆಂದು ಕೇಳಿರಲಿಲ್ಲ. ನೆರೆಯ ಮರಿಯನ್ನು ತಿನ್ನಬಾರದೆಂದು ಅದಕ್ಕೆ ಕಲಿಸಲೂ ಆಗದು. ತಂದವರು ನಾವು, ತಡೆಯಬೇಕಾದವರೂ ನಾವು.

ಕಿಲ್ಲಿಯೇ ಬೇಕೆಂದರೆ ನಮ್ಮ ನೆಲದಲ್ಲೂ ಇದೆ. ಪಶ್ಚಿಮ ಘಟ್ಟದ ತೊರೆ, ಗದ್ದೆಯ ನೀರುಗಳಲ್ಲಿ ತಲೆಯ ಮೇಲೆ ಬಿಳಿಚುಕ್ಕೆ ಹೊತ್ತು ಮೇಲ್ಮೈಯಲ್ಲೇ ತೇಲುವ ಅಪ್ಲೋಕೈಲಸ್. ಕಾಸರಗೋಡಿನ ಕಡೆಯವರು ಮಲಯಾಳದಲ್ಲಿ ಇದನ್ನು 'ಮಾನತ್ತುಕಣ್ಣಿ' ಎನ್ನುವುದನ್ನು ಕೇಳಿರಬಹುದು, ಆಕಾಶ ನೋಡುವ ಕಣ್ಣಿನದು ಎಂದರ್ಥ. ಇದರ ಸಣ್ಣ ಜಾತಿಯೊಂದನ್ನು 1990ರ ದಶಕದಲ್ಲಿ ಗೋವೆಯಲ್ಲಿ ಮಲೇರಿಯಾ ತಡೆಗೆ ಪ್ರಯೋಗಿಸಿದ್ದರು. ದೊಡ್ಡದರ ಹೊಂಬಣ್ಣದ ತಳಿ ಪರದೇಶದ ತೊಟ್ಟಿಗಳಲ್ಲಿ 'ಗೋಲ್ಡನ್ ವಂಡರ್' ಎಂದು ಮೆರೆಯುತ್ತಿದೆ. ಊರು ಬಿಟ್ಟ ಮೇಲೆ ಚಿನ್ನವಾದ ನಮ್ಮ ಹುಡುಗರ ಹಾಗೆ! ಆ ತಳಿಯನ್ನೂ ತಂದು ಊರ ಹಳ್ಳಕ್ಕೆ ಬಿಡುವುದು ಬೇಡ.

ಮೀನು ಸಾಕಲಾಗದಿದ್ದರೆ ಮತ್ತೊಬ್ಬ ಹವ್ಯಾಸಿಗೆ ಕೊಡಬಹುದು, ಅಂಗಡಿಯವನನ್ನೇ ಕೇಳಬಹುದು. ರಜೆಗೆ ಊರಿಗೆ ಹೊರಟವರು ಪಕ್ಕದ ಮನೆಯ ವಹಿನಿಯ ಕೈಗೆ ಬೀಗದ ಕೈ ಕೊಡುವಾಗ ಮೀನಿನ ಆಹಾರದ ಡಬ್ಬಿಯನ್ನೂ ಕೊಡಲಿ. ತೊಟ್ಟಿಗೆ ಮುಚ್ಚಳ ಹಾಕಿದೆಯೇ ನೋಡಿಕೊಳ್ಳಲಿ. ಕಿಲ್ಲಿ ಹಾರುವ ಮೀನು.