ಯಾರ ಸಮಯ ಉಳಿಯಿತು?

ಮೈಸೂರು–ಬೆಂಗಳೂರು ರೈಲು ಹಾದಿ ಸುಮಾರು 140 ಕಿಲೋಮೀಟರ್. 1870ರ ದಶಕದ ಭೀಕರ ಕ್ಷಾಮದಲ್ಲಿ, ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ ಅದರ ಮಣ್ಣು ಕೆಲಸ ಶುರುವಾಯಿತು. ಈಗ ಅದು ಜೋಡಿ ಹಳಿ, ವಿದ್ಯುತ್ ಮಾರ್ಗ. ಎರಡನೇ ಹಳಿಗೆ ದಾರಿ ಬಿಡಲು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನೇ 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. 2022ರ ನವೆಂಬರಿನಲ್ಲಿ ವಂದೇ ಭಾರತ್ ಬಂತು. ಸಮಯ ಉಳಿಯಿತು ಎಂದು ಎಲ್ಲರೂ ಸಂತೋಷಪಟ್ಟರು. ಆದರೆ ಉಳಿದದ್ದು ಯಾರ ಸಮಯ?

ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವ ಒಬ್ಬನನ್ನು ಊಹಿಸಿಕೊಳ್ಳಿ. ಕಾವೇರಿ–ಕಪಿಲೆ ಕೂಡುವ ನರಸೀಪುರಕ್ಕೆ ರೈಲಿಲ್ಲ. ನೆರೆಯ ನಂಜನಗೂಡಿಗೆ ಅದು ಹತ್ತೊಂಬತ್ತನೇ ಶತಮಾನದಲ್ಲೇ ಬಂದಿತ್ತು. ಈತ ಬಸ್ಸಿಗೆ ಕಾದು, ಬಸ್ಸು ಬದಲಿಸಿ ಮೈಸೂರು ಸೇರುವಷ್ಟರಲ್ಲಿ ಬೆಳಗಿನ ರೈಲು ಹೊರಟಿರುತ್ತದೆ. ಹಾಗಾಗಿ ಬೆಂಗಳೂರಿನ ಶೆಡ್ಡಿನಲ್ಲೇ ಮಲಗುತ್ತಾನೆ. ಮಕ್ಕಳ ಮುಖ ನೋಡುವುದು ಹಬ್ಬಕ್ಕೆ. ರೈಲು ಉಳಿಸಿದ ನಿಮಿಷಗಳು ಇವನ ಮನೆಬಾಗಿಲಿಗೆ ಬರಲೇ ಇಲ್ಲ.

ಸಾರಿಗೆ ಯೋಜನೆಗಳಲ್ಲಿ ಉಳಿಯುವ ಸಮಯಕ್ಕೆ ಹಣದ ಬೆಲೆ ಕಟ್ಟುವ ರೂಢಿಯಿದೆ. ಅನೇಕ ಸಲ ಆ ಬೆಲೆಯನ್ನು ಪ್ರಯಾಣಿಕನ ಸಂಪಾದನೆಯ ಮೇಲೆ ಲೆಕ್ಕ ಹಾಕುತ್ತಾರೆ. ಹೆಚ್ಚು ಸಂಬಳದವನ ಗಂಟೆ ಹೆಚ್ಚು ತೂಗುತ್ತದೆ, ಕೂಲಿಯವನದು ಕಡಿಮೆ. ಲೆಕ್ಕಕ್ಕೆ ಇದು ಸರಿಯಿರಬಹುದು, ನ್ಯಾಯಕ್ಕೆ ಅಲ್ಲ. ಆಯುಷ್ಯ ಎಲ್ಲರಿಗೂ ಗಂಟೆಗಳಲ್ಲೇ ಕರಗುತ್ತದೆ. ಮಗು ನಿದ್ದೆ ಹೋಗುವ ಮುಂಚೆ ಮನೆ ಸೇರುವ ಆಸೆ ಸಂಬಳ ನೋಡಿ ಹುಟ್ಟುವುದಿಲ್ಲ.

ಪ್ರತಿ ಹಳ್ಳಿಗೂ ಹಳಿ ಹಾಕಲಾದೀತೇ ಎಂದು ಕೇಳುವವರಿದ್ದಾರೆ. ಆಗದು, ನಿಜ. ಜನ ಹೆಚ್ಚು ಓಡಾಡುವ ಕಡೆಗೇ ರೈಲು ಎಂಬ ಮಾತಿನಲ್ಲೂ ಅರ್ಥವಿದೆ. ಆದರೆ ದಾರಿ ಇಲ್ಲದ ಕಡೆ ಓಡಾಟವನ್ನು ಎಣಿಸಿ, 'ಇಲ್ಲಿ ಪ್ರಯಾಣಿಕರಿಲ್ಲ' ಎಂದರೆ ಅದು ಸೇತುವೆ ಇಲ್ಲದ ಹೊಳೆಯಲ್ಲಿ ದಾಟಿದವರನ್ನು ಎಣಿಸಿದ ಹಾಗೆ.

ಹೆಮ್ಮಿಗೆಯವನಿಗೆ ಬೇಕಾದದ್ದು ಅಂಥ ದೊಡ್ಡದೇನಲ್ಲ. ಬೆಳಗಿನ ರೈಲಿಗೆ ಮುಟ್ಟಿಸುವ ಬಸ್ಸು, ರಾತ್ರಿ ರೈಲಿಳಿದವನಿಗೆ ಕಾಯುವ ಬಸ್ಸು, ಕೂಲಿಗೆ ನಿಲುಕುವ ದರ. ದಿನವೂ ಬೆಂಗಳೂರು ಸಾಧ್ಯವಾಗದಿದ್ದರೂ ವಾರಕ್ಕೊಮ್ಮೆ ಮನೆಯಾದರೂ ಸಿಕ್ಕೀತು; ಮೈಸೂರು, ನಂಜನಗೂಡಿನ ಕೆಲಸವಾದರೆ ದಿನವೂ ಸಿಕ್ಕೀತು. ಯೋಜನೆ ಮಾಡುವವರು ದೂರವನ್ನು ನಿಲ್ದಾಣದಿಂದಲ್ಲ, ಹೊಸ್ತಿಲಿನಿಂದ ಅಳೆದರೆ ಇದು ಕಂಡೀತು.

ಆ ಹಾದಿಗೆ ಮೊದಲು ಮಣ್ಣು ಹೊತ್ತವರು ಹಸಿದವರು. ಅವರಂಥವರನ್ನು ಹೊರಗಿಟ್ಟು ಉಳಿಸಿದ ಸಮಯವನ್ನು ಪ್ರಗತಿ ಎನ್ನುವುದು ಹೇಗೆ?