ಮುಂಗಡದ ಹಣವೂ ಕಾಯಕದ ಸತ್ಯವೂ

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನಾವು ಬಹುಕಾಲದಿಂದ ದುಡಿಯುವವನಿಗೇ ಹೇಳುತ್ತ ಬಂದಿದ್ದೇವೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದುತಂದ ಪತಿ ಮಾರಯ್ಯನವರನ್ನು ಆ ತಾಯಿ ಹಿಂದಕ್ಕೆ ಕಳುಹಿದರಷ್ಟೆ. ಆದರೆ ಈ ಮಾತು ಮೊದಲು ಮುಟ್ಟಬೇಕಾದದ್ದು ದುಡಿಸಿಕೊಳ್ಳುವವನನ್ನು. ಕೂಲಿಕಾರನಿಗೆ ಸಲ್ಲದೆ ಧಣಿಯ ಪೆಟ್ಟಿಗೆಯಲ್ಲಿ ಉಳಿದ ಹಣವೇ ಆ ಹೆಚ್ಚಿನ ಅಕ್ಕಿಯಲ್ಲವೆ?

ರಾಮನಗರ, ಮಾಗಡಿಗಳ ರೇಷ್ಮೆ ನೂಲು ಬಿಚ್ಚುವ ಮನೆಗಳನ್ನು ನೆನೆಯಿರಿ. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹುಡುಕಿ ಹುಡುಕಿ ಬೆರಳುಗಳ ಚರ್ಮ ಸುಲಿಯುತ್ತದೆ. ಮದುವೆಗೋ ರೋಗಕ್ಕೋ ಕೊಟ್ಟ ಮುಂಗಡವನ್ನು ಧಣಿ ಉಪಕಾರವೆನ್ನುವುದುಂಟು. ಅದು ತೀರುವತನಕ ಬೇರೆಡೆ ದುಡಿಯಕೂಡದೆಂದರೆ ಅದು ಉಪಕಾರವಲ್ಲ, ಮನುಷ್ಯನ ಕ್ರಯ. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯು ಇಂಥ ಸಾಲಗಳನ್ನೇ ಅಳಿಸಿಹಾಕಿತು. ಆದರೂ ಹೆತ್ತವರ ಮುಂಗಡಕ್ಕಾಗಿ ಮಕ್ಕಳು ಅಲ್ಲಿ ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2003ರಲ್ಲಿಯೂ ವರದಿಮಾಡಬೇಕಾಯಿತು. ಶಾಲೆಯ ವಯಸ್ಸನ್ನು ಸಾಲಕ್ಕೆ ತೆತ್ತ ಮಗುವಿನ ನಷ್ಟ ಒಂದು ಮನೆಯದಷ್ಟೇ ಅಲ್ಲ, ಊರಿನದು.

ಇಂಥಲ್ಲಿ ಜಗಳ ಕೇಳಿಸುವುದಿಲ್ಲ, ನಿಜ. ಬಾಯಿ ತೆರೆಯಲಾರದವರ ಮೌನವನ್ನು ಸಾಮರಸ್ಯವೆಂದು ಎಣಿಸಿ, ಜಾತ್ರೆಯ ದಾಸೋಹಕ್ಕೆ ಅಕ್ಕಿಮೂಟೆ ಕಳುಹಿ ತೃಪ್ತನಾಗುವ ಧಣಿಯೂ ಇರಬಹುದು. ಕಾಯಕಶುದ್ಧಿಯಿಲ್ಲದ ದಾಸೋಹವನ್ನು ಶರಣರು ಒಪ್ಪಲಿಲ್ಲ. ಆತನು ಮೂಟೆಯನ್ನು ಆಮೇಲೆ ಕಳುಹಲಿ. ಮೊದಲು ವಾರದ ಕೂಲಿ ಪೂರ್ತಿಯಾಗಿ ಕೈಸೇರಲಿ, ಕೊಟ್ಟ ಸಾಲ ಬರಿಯ ಸಾಲವಾಗಿಯೇ ಇರಲಿ, ಬೇರೆಡೆಗೆ ಹೋಗಬೇಕೆನ್ನುವವನು ಹೋಗಲಿ.