ನಿರ್ಣಯದಿಂದ ಬಂದ ದೈವತ್ವ

ರೋಮ್ ಸಾಮ್ರಾಜ್ಯದ ರಾಜಸ್ತ್ರೀಯರ ಮುಖಮುದ್ರೆಯುಳ್ಳ ಪ್ರಾಚೀನ ನಾಣ್ಯಗಳನ್ನು ಸಂಗ್ರಹಿಸುವವರಿಗೆ ಫೌಸ್ಟೀನಾ ಎಂಬ ಹೆಸರು ಚಿರಪರಿಚಿತ. ಚಕ್ರವರ್ತಿ ಆಂಟೊನೈನಸ್ ಪಯಸನ ಪತ್ನಿಯಾದ ಈಕೆ ಕ್ರಿ.ಶ. 140ರ ಸುಮಾರಿಗೆ ತೀರಿಕೊಂಡ ಮೇಲೆ, 161ರಲ್ಲಿ ತಾನು ಕಣ್ಮುಚ್ಚುವವರೆಗೂ ಆತನು ಆಕೆಯ ಸ್ಮರಣಾರ್ಥವಾಗಿ ಹೊರಡಿಸಿದ ನಾಣ್ಯಗಳು ಅಷ್ಟೊಂದು ವಿಪುಲವಾಗಿರುವುದರಿಂದ, ಅಲ್ಪವಿತ್ತನಾದ ಸಂಗ್ರಾಹಕನಿಗೂ ಅವುಗಳಲ್ಲಿ ಒಂದು ದೊರಕದಿರದು. ವಾಡಿಕೆಯಲ್ಲಿ ಕಂಚಿನದೆಂದು ಕರೆಸಿಕೊಂಡರೂ ವಸ್ತುತಃ ಹಿತ್ತಾಳೆಯದಾದ, ಸುಮಾರು 25 ಗ್ರಾಂ ತೂಗುವ ಸೆಸ್ಟರ್ಷಿಯಸ್ ನಾಣ್ಯದ ಒಂದು ಮೈಯಲ್ಲಿ, ಹೆಣೆದ ಜಡೆಗಳನ್ನು ತಲೆಯ ಸುತ್ತ ಬಳಸಿ ನೆತ್ತಿಯ ಮೇಲೆ ತುರುಬಾಗಿ ಕಟ್ಟಿದ ಪ್ರೌಢ ಗೃಹಿಣಿಯ ಪಾರ್ಶ್ವಮುಖವೂ, ಅಂಚಿನಲ್ಲಿ ಆಕೆ ದಿವ್ಯಳೆಂದು ಸಾರುವ ಲ್ಯಾಟಿನ್ ಬರಹವೂ, ಇನ್ನೊಂದು ಮೈಯಲ್ಲಿ ಅನೇಕವೇಳೆ ಶಾಶ್ವತತೆಯೇ ಸ್ತ್ರೀರೂಪ ತಾಳಿ ನಿಂತಂತಿರುವ ಮೂರ್ತಿಯೂ ಕಾಣುವುವು. ಆಕೆಗೆ ಈ ದೈವತ್ವವನ್ನು ಕೊಟ್ಟುದು ಸೆನೆಟ್ ಎಂಬ ರೋಮಿನ ಆಡಳಿತಸಭೆ. ಈ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ವಿಚಾರಮಾಡುವವನಿಗೆ ಪ್ರಶ್ನೆಯೊಂದು ಏಳದೆ ಇರದು: ಸಭೆಯೊಂದರ ನಿರ್ಣಯಮಾತ್ರದಿಂದ ಮಾನವಸ್ತ್ರೀ ದೇವತೆಯಾಗಬಲ್ಲಳೆ?

ಆಗಲಾರಳೆನ್ನುವ ಪಕ್ಷಕ್ಕೆ ಇತಿಹಾಸದಲ್ಲಿ ಆಧಾರಗಳು ಬೇಕಾದಷ್ಟಿವೆ. ರೋಮಿನಲ್ಲಿ ಈ ಪದವಿಗೇರಿದ ಮೊದಲ ಸ್ತ್ರೀ ಚಕ್ರವರ್ತಿ ಕಲಿಗುಲನ ತಂಗಿ ಡ್ರುಸಿಲ್ಲಾ. 38ರಲ್ಲಿ ಆಕೆ ಮೃತಳಾದಾಗ, ಆಕೆ ಸ್ವರ್ಗಕ್ಕೇರಿಹೋದುದನ್ನು ಕಣ್ಣಾರೆ ಕಂಡೆನೆಂದು ಸೆನೆಟಿನ ಸದಸ್ಯನೊಬ್ಬನು ಆಣೆಯಿಟ್ಟು ನುಡಿದು, ಹತ್ತು ಲಕ್ಷ ಸೆಸ್ಟರ್ಷಿಯಸುಗಳಿಗೆ ಸಮನಾದ ಬಹುಮಾನವನ್ನು ಪಡೆದನೆಂದು ಇತಿಹಾಸಕಾರ ಡಿಯೊ ಬರೆದಿದ್ದಾನೆ. ಚಕ್ರವರ್ತಿ ಅಗಸ್ಟಸನ ಪತ್ನಿ ಲಿವಿಯಾಳ ಸಂಗತಿ ಇನ್ನಷ್ಟು ವಿಚಾರಾರ್ಹವಾದುದು. 29ರಲ್ಲಿ ಆಕೆ ಮಡಿದಾಗ ದೈವತ್ವಕ್ಕೆ ಅಡ್ಡಬಂದವನು ಆಗ ಚಕ್ರವರ್ತಿಯಾಗಿದ್ದ, ಆಕೆ ಹೆತ್ತ ಮಗನಾದ ಟೈಬೀರಿಯಸನೇ. ಅದನ್ನು 42ರಲ್ಲಿ ಕೊಡಿಸಿದವನು ಮೊಮ್ಮಗನಾದ ಕ್ಲಾಡಿಯಸ್. ನಡುವಣ ಹದಿಮೂರು ವರ್ಷಗಳಲ್ಲಿ ಆ ಮೃತಳ ಗುಣಕ್ಕಾಗಲಿ ಪುಣ್ಯಕ್ಕಾಗಲಿ ಹೊಸದಾಗಿ ಕೂಡಿದುದು ಏನೂ ಇಲ್ಲ. ಅಗಸ್ಟಸನ ವಂಶಕ್ಕೆ ದತ್ತುಹೋಗದೆಯೇ ಪಟ್ಟವೇರಿದ ಕ್ಲಾಡಿಯಸನಿಗೆ ದಿವ್ಯಳಾದ ಅಜ್ಜಿಯೊಬ್ಬಳು ಬೇಕಾಗಿದ್ದಳು, ಅಷ್ಟೆ.

ಹಾಗಾದರೆ ಇದೆಲ್ಲವೂ ಬರಿಯ ರಾಜತಂತ್ರವೆಂದು ತೀರ್ಮಾನಿಸಿಬಿಡಬಹುದೆ? ಫೌಸ್ಟೀನಾಳನ್ನು ನೆನೆದರೆ ಅಷ್ಟು ಸುಲಭವಾಗಿ ತೀರ್ಮಾನಿಸಲು ಮನಸ್ಸು ಬಾರದು. ಆಕೆಯ ಹೆಸರಿನಲ್ಲಿ ಪತಿಯು ಬಡ ಹೆಣ್ಣುಮಕ್ಕಳ ಪೋಷಣೆಗಾಗಿ ನಿಧಿಯೊಂದನ್ನು ಸ್ಥಾಪಿಸಿದನು. ಆಸ್ಟಿಯಾ ಪಟ್ಟಣದವರಾದರೋ, ಆ ದಂಪತಿಗಳ ಅಸಾಧಾರಣ ಅನ್ಯೋನ್ಯತೆಯನ್ನು ಸ್ಮರಿಸಿ, ತಮ್ಮಲ್ಲಿ ವಿವಾಹವಾಗುವ ವಧೂವರರು ಆ ರಾಜದಂಪತಿಗಳಿಗಾಗಿ ನಿಲ್ಲಿಸಿದ ಬಲಿಪೀಠದ ಮುಂದೆ ಪ್ರಾರ್ಥನೆ ಸಲ್ಲಿಸತಕ್ಕದ್ದೆಂದು ವಿಧಿಸಿದರು. ಇದೂ ನಿರ್ಣಯವೇ ಎಂದು ಆಕ್ಷೇಪಿಸಬಹುದು. ಆದರೆ ಆ ಬಲಿಪೀಠದ ಮುಂದೆ ನಿಂತವರು ಬೇಡಬೇಕಾಗಿದ್ದುದು ಮಳೆಯನ್ನಲ್ಲ, ವಿಜಯವನ್ನಲ್ಲ. ಆ ಇಬ್ಬರ ಬಾಳಿನಲ್ಲಿ ಇದ್ದಿತೆಂದು ಊರು ನಂಬಿದ್ದ ಸಾಮರಸ್ಯವನ್ನು. ನಿರ್ಣಯವು ದೇವತೆಯನ್ನು ಸೃಷ್ಟಿಸಲಾರದಿರಬಹುದು. ಆದರೆ ಅನುಸರಣಯೋಗ್ಯವಾದ ಗುಣವೊಂದಕ್ಕೆ ಹೆಸರನ್ನೂ ಮುಖವನ್ನೂ ಪೂಜಾಸ್ಥಾನವನ್ನೂ ಕೊಡಬಲ್ಲುದು.

ಸಂಗ್ರಾಹಕರು ಬಲುವಾಗಿ ಹಳಿಯುವ ಅಕ್ರಮವೊಂದುಂಟು. ಸವೆದ ನಾಣ್ಯದ ಕಿಲುಬನ್ನು ಕೆರೆದು, ಅಳಿದುಹೋದ ಕೂದಲೆಳೆಗಳನ್ನು ಉಳಿಯ ಮೊನೆಯಿಂದ ಹೊಸದಾಗಿ ಕೊರೆದು, ಹೊಳಪನ್ನು ಮರೆಸಲು ಕೃತಕವಾದ ಹಸಿರು ಪೊರೆಯನ್ನು ಬರಿಸಿ, ಅದನ್ನು ಅಂದಿನ ಅಚ್ಚಿನ ಕೆಲಸವೆಂದೇ ಮಾರುವುದು. ಇಲ್ಲದ ಕಾಂತಿಯನ್ನು ಮುಖಕ್ಕೆ ತಂದ ರೋಮಿನ ಸೆನೆಟೂ ಮಾಡಿದುದು ಇದನ್ನೇ ಅಲ್ಲವೆ ಎಂದು ಕೇಳುವವರಿಗೆ, ರೋಮಿನ ಫೋರಮ್ ಎಂಬ ಪ್ರಾಚೀನ ಚೌಕದಲ್ಲಿ ಇಂದಿಗೂ ನಿಂತಿರುವ, ಮುಂದೆ ಕ್ರೈಸ್ತರ ಇಗರ್ಜಿಯಾಗಿ ಮಾರ್ಪಟ್ಟ ಫೌಸ್ಟೀನಾಳ ದೇವಾಲಯವೇ ಉತ್ತರ ಕೊಡುತ್ತದೆ. ಅದರ ಹಣೆಯ ಮೇಲಣ ಶಾಸನವು ಇದು ಸೆನೆಟಿನ ನಿರ್ಣಯದಿಂದ ಆದುದೆಂದು ದೊಡ್ಡ ಅಕ್ಷರಗಳಲ್ಲಿ ಸಾರುತ್ತಿದೆ. ಉಳಿ ಹಿಡಿದವನು ತನ್ನ ಕೈವಾಡವನ್ನು ಮುಚ್ಚಿಡುವನು; ಸಭೆಯು ತನ್ನ ಹೆಸರನ್ನು ಬಾಗಿಲ ಮೇಲೆಯೇ ಬರೆಸಿತು. ಮನುಷ್ಯರು ಕೊಟ್ಟ ದೈವತ್ವವು ತಾನು ಮನುಷ್ಯದತ್ತವೆಂದು ಒಪ್ಪಿಕೊಳ್ಳುತ್ತಿರುವವರೆಗೆ ಅದನ್ನು ಅಸತ್ಯವೆನ್ನಲಾಗದು; ಅದು ಗೌರವದ ಪರಾಕಾಷ್ಠೆ ಮಾತ್ರ. ಆ ಗೌರವವು ಸಾಲದೆಂದು, ಸ್ವರ್ಗಾರೋಹಣಕ್ಕೆ ಸಾಕ್ಷಿ ಹೇಳುವವನನ್ನು ಹಣ ಕೊಟ್ಟು ಕರೆತಂದಲ್ಲಿ ಧರ್ಮವು ಹೊರನಡೆಯಿತೆಂದು ತಿಳಿಯಬೇಕು.